ದೀಪ ಆರಿಸಿದ ದೀಪದಕ್ಕ

ಬೆಳಕು ಹರಿಯಲು ಇನ್ನೂ ಅರ್ಧ ಗಂಟೆಯಿದೆ. ಬಂದರಿನ ಗೋಡೆಯ ಮೇಲೆ ಗಾಜು ಒರೆಸುತ್ತಿದ್ದ ದೀಪದಕ್ಕ ಒಮ್ಮೆಲೇ ಕಿವಿಗೊಟ್ಟು ನಿಲ್ಲುತ್ತಾರೆ. ಅಲೆ ಒಡೆಯುವ ಸದ್ದು ನಿನ್ನೆಯ ಜಾಗದಿಂದ ಬರುತ್ತಿಲ್ಲ. ಪಟ್ಟನೆ ದೀಪ ಆರಿಸಿಬಿಡುತ್ತಾರೆ! ಹೊರಗೆ ಮೀನು ತುಂಬಿಕೊಂಡು ಬಂದ ದೋಣಿಗಳಿಂದ ಬೈಗುಳದ ಸುರಿಮಳೆ. ಅಕ್ಕ ಜಗ್ಗುವವರಲ್ಲ. "ಬೈಲಿ ಬಿಡಿ. ನಾಳೆ ಬೈಯೋಕೂ ಅವ್ರು ಇರ್ಬೇಕಲ್ವಾ?" ಎಂದು ನಮಗೆ ಹೇಳುತ್ತಾ ಆಳ ಅಳೆಯುವ ಕೋಲು ಹಿಡಿದು ಪುಟ್ಟ ದೋಣಿಗೆ ಇಳಿಯುತ್ತಾರೆ.

ಈ ಬಂದರಿನ ಬಾಯಲ್ಲಿ ನೀರಿನಡಿ ಒಂದು ಮರಳ ದಿಬ್ಬವಿದೆ. ಅದು ಇದ್ದಲ್ಲಿ ಇರುವ ಜಾಯಮಾನದ್ದಲ್ಲ; ಅದು ಸರಿದರೆ ಅಲೆ ಒಡೆಯುವ ಜಾಗವೂ ಸರಿಯುತ್ತದೆ. ದಾರಿ ತೋರಲು ಎರಡು ದೀಪ: ಗುಡ್ಡದ ಮೇಲಿನದು ಅಲ್ಲಾಡುವುದಿಲ್ಲ, ಗೋಡೆಯ ಮೇಲಿನದಕ್ಕೆ ಗಾಲಿಗಳಿವೆ. ಎರಡೂ ಒಂದರ ಮೇಲೊಂದು ನೆಟ್ಟಗೆ ಕಂಡರೆ ಆ ಗೆರೆಯಲ್ಲಿ ಆಳವಿದೆ ಎಂದರ್ಥ. ದಿನಾ ಸಂಜೆ ಆಳ ನೋಡಿ, ಗೋಡೆಯ ಏಳು ಗುರುತುಗಳಲ್ಲಿ ಸರಿಯಾದದ್ದಕ್ಕೆ ದೀಪ ತಳ್ಳುವುದು ಅಕ್ಕನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಮೇಲಿನ ದೀಪ ಹಚ್ಚಲು, ಆರಿಸಲು ದಿನಕ್ಕೆರಡು ಸಲ ಗುಡ್ಡದ ತೊಂಬತ್ತಾರು ಮೆಟ್ಟಿಲು ಹತ್ತಿಳಿದು ಮಂಡಿ ಸವೆದಿದೆ. ದೀಪ ಕಂಡ ದೋಣಿಯವರು ಟಾರ್ಚನ್ನು ಎರಡು ಸಲ ಮಿಟುಕಿಸಬೇಕು: ಕಂಡಿತು, ಬರುತ್ತೇವೆ ಎಂದು.

ಇಪ್ಪತ್ತಮೂರು ದೋಣಿಗಳಲ್ಲಿ ಒಂದು ಮಾತ್ರ ಮಿಟುಕಿಸುವುದಿಲ್ಲ. ಅದು ಅಕ್ಕನ ಸ್ವಂತ ತಮ್ಮನದು.

ಕಳೆದ ವರ್ಷ ಒಂದು ಸಂಜೆ ಅಕ್ಕ ಆಳ ಅಳೆದರು, ದೀಪ ತಳ್ಳುವುದನ್ನೇ ಮರೆತರು. ನಸುಕಿಗೆ ತಮ್ಮನ ದೋಣಿ ಮರಳಿಗೆ ಬಡಿದು ಅಡಿ ಸೀಳಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನಾಗಲಿಲ್ಲ. ರಾತ್ರಿ ಮರಳು ಸರಿದಿರಬೇಕು ಎಂದು ಊರೆಲ್ಲ ಅಂದುಕೊಂಡಿತು. ಅಕ್ಕ ಮಾತ್ರ ತಮ್ಮನ ಮನೆಗೆ ಹೋಗಿ, "ಮರಳು ಸರಿದಿಲ್ಲ ಕಣೋ, ನಾನೇ ದೀಪ ಸರಿಸ್ಲಿಲ್ಲ," ಎಂದರು. ಅವನು ಬಾಗಿಲು ಹಾಕಿಕೊಂಡ. ಅಂದಿನಿಂದ ಸೂರ್ಯ ಮೇಲೇರುವವರೆಗೂ ಹೊರಗೇ ಕಾಯುತ್ತಾನೆ, ಅಕ್ಕನ ದೀಪ ನಂಬಿ ಒಳಗೆ ಬರುವುದಿಲ್ಲ.

"ಬಾಯಿ ಮುಚ್ಕೊಂಡಿದ್ರೆ ತಮ್ಮ ಉಳೀತಿದ್ದ. ಆದ್ರೆ ಸುಳ್ಳು ಹೇಳೋಳ ದೀಪ ನೋಡ್ಕೊಂಡು ಯಾರು ಬರ್ತಾರೆ, ಹೇಳಿ?" ಇಷ್ಟು ಹೇಳುವಷ್ಟರಲ್ಲಿ ಅಕ್ಕನ ಕಣ್ಣು ತುಂಬಿರುತ್ತದೆ.

ಅಳೆದು ಬಂದವರೇ ದೀಪವನ್ನು ಮೂರರಿಂದ ಎರಡನೇ ಗುರುತಿಗೆ ತಳ್ಳುತ್ತಾರೆ, ಹಚ್ಚುತ್ತಾರೆ. ಬೈದವರೆಲ್ಲ ಒಬ್ಬೊಬ್ಬರಾಗಿ ಟಾರ್ಚ್ ಮಿಟುಕಿಸಿ ಒಳಗೆ ಬರುತ್ತಾರೆ. ಅಕ್ಕ ಬೆರಳು ಮಡಿಸಿ ಎಣಿಸುತ್ತಾರೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಇನ್ನೇನು, ಮುಗಿಯಿತು.

ಸೂರ್ಯ ಇನ್ನೂ ಹುಟ್ಟಿಲ್ಲ. ದೂರದಲ್ಲಿ ಒಂದು ಟಾರ್ಚ್ ಮಿಟುಕುತ್ತದೆ. ಮತ್ತೊಮ್ಮೆ ಮಿಟುಕುತ್ತದೆ. ಅಕ್ಕ ಇನ್ನೊಂದು ಬೆರಳು ಮಡಿಸುತ್ತಾರೆ: ಇಪ್ಪತ್ತಮೂರು.

ದೋಣಿ ಗೋಡೆಗೆ ತಾಗಿದಾಗ ತಮ್ಮ ತಲೆಯೆತ್ತುವುದಿಲ್ಲ. ಹಗ್ಗ ಬಿಗಿಯುತ್ತಲೇ, "ಅನುಮಾನ ಬಂದ್ರೆ ಆರಿಸ್ತೀಯಲ್ಲ ಅಕ್ಕಾ, ಅದನ್ನ ನೋಡ್ದೆ," ಎನ್ನುತ್ತಾನೆ.

ಇನ್ನೇನು ಬೇಕು ಎಂದು ನಾವು ಕೇಳಿದರೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

"ಏನೂ ಬೇಡಪ್ಪ. ನಾಳೆನೂ ಇಪ್ಪತ್ತಮೂರು ಎಣಿಸಿದ್ರೆ ಸಾಕು."