ನೀಲತ್ತಿಗೆ ಓದದ ಕೊನೆಯ ಅಧ್ಯಾಯ

ಹೊಸ ಪುಸ್ತಕದ ವಾಸನೆಯನ್ನು ಹೊಗಳುವವರು ಬಹಳ ಜನ. ನನಗೆ ಮಾತ್ರ ಆ ವಾಸನೆ ಬಂದರೆ ತಲೆ ತಗ್ಗುತ್ತದೆ. ಯುಗಾದಿ ಕಳೆದ ವಾರ ಜಹೀರಾಬಾದಿನ ನಮ್ಮ ಮನೆಗೆ ಏಳು ಹೊಸ ಕಾದಂಬರಿಗಳ ಕಟ್ಟು ಬಂತು. ಪ್ರತಿ ವರ್ಷ ಶಾಲೆಗಳಿಗೆ ರಜೆ ಬೀಳುವ ಮುಂಚೆ, ಬೇಸಿಗೆಯಲ್ಲಿ ಓದಬಹುದಾದ ಹೊಸ ಕಾದಂಬರಿಗಳ ಬಗ್ಗೆ ಒಂದು ವಾರಪತ್ರಿಕೆಗೆ ನಾಲ್ಕು ಮಾತು ಬರೆಯುತ್ತೇನೆ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳಿಗೆ ಓದು ಬಿಟ್ಟರೆ ಬೇರೆ ಚಟವಿಲ್ಲ. ಕಟ್ಟಿನ ದಾರ ಬಿಚ್ಚಿ ಮೊದಲ ಪುಸ್ತಕ ತೆರೆದಾಗ ಅಂಟಿನ ವಾಸನೆ ಬಂತು, ಮಸಿಯ ವಾಸನೆ ಬಂತು, ಅವುಗಳ ಬೆನ್ನಿಗೇ ಎಣ್ಣೆ ಹಚ್ಚಿ ನಾದಿದ ಗೋಧಿ ಹಿಟ್ಟಿನ ವಾಸನೆಯೂ ಬಂತು. ಅಡುಗೆಮನೆಯಲ್ಲಿ ಯಾರೂ ಹಿಟ್ಟು ನಾದುತ್ತಿರಲಿಲ್ಲ.

ಏಳರಲ್ಲಿ ಆರನ್ನು ಮುಗಿಸಿದ್ದೇನೆ. ಒಂದರಲ್ಲಿ ಇಡೀ ಊರೇ ಇದೆ, ಆದರೆ ಇನ್ನೂರು ಪುಟಗಳಲ್ಲಿ ಯಾರೊಬ್ಬರೂ ಒಂದು ರೊಟ್ಟಿ ತಿನ್ನುವುದಿಲ್ಲ. ಇಷ್ಟು ಮಾತಾಡುವ ಜನ ಏನು ತಿಂದು ಬದುಕಿದ್ದಾರೋ ದೇವರೇ ಬಲ್ಲ. ಇನ್ನೊಂದು, ಈಗಷ್ಟೇ ಬರೆಯಲು ಶುರುಮಾಡಿದ ಹುಡುಗಿಯೊಬ್ಬಳದು, ಓದುತ್ತ ಓದುತ್ತ ಒಲೆಯ ಮೇಲಿನ ಅನ್ನ ಹೊತ್ತಿಸಿಕೊಂಡೆ. ಕೊನೆಯನ್ನು ಹೇಳದೆ ಬಿಡುವುದು ಈಗಿನವರ ರೂಢಿ. ಇದೆಂಥ ಕಾದಂಬರಿ, ಕೊನೆಗೆ ಏನಾಯಿತು ಅಂತಲೇ ಇಲ್ಲವಲ್ಲ ಎಂದು ಓದುಗರು ನನಗೆ ಕಾಗದ ಬರೆದು ರೇಗುತ್ತಾರೆ. ನಾನು ರೇಗುವುದಿಲ್ಲ. ಕೊನೆಯನ್ನು ಸುಳ್ಳು ಹೇಳುವುದಕ್ಕಿಂತ ಹೇಳದಿರುವುದು ಎಷ್ಟೋ ವಾಸಿ. ಕೊನೆಯ ಪುಟದವರೆಗೂ ಓದದ ಪುಸ್ತಕದ ಬಗ್ಗೆ ನಾನು ಬರೆಯುವುದಿಲ್ಲ, ಯಾವ ಪುಸ್ತಕದ ಕೊನೆಯನ್ನೂ ಬಿಟ್ಟುಕೊಡುವುದಿಲ್ಲ. ಅದನ್ನು ಪ್ರಾಮಾಣಿಕತೆ ಅಂತ ಕೆಲವರು ಮೆಚ್ಚುತ್ತಾರೆ. ಮೆಚ್ಚಿದಾಗಲೆಲ್ಲ ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸುತ್ತದೆ. ಏಳನೆಯ ಕಾದಂಬರಿಯಲ್ಲಿ ಹೆಂಗಸೊಬ್ಬಳು ಕೈಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ಕೂತಿದ್ದಾಳೆ, ಯಾವ ಬಸ್ಸು ಹತ್ತುತ್ತಾಳೋ ಗೊತ್ತಿಲ್ಲ. ಇನ್ನು ಮೂವತ್ತು ಪುಟ ಇವೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟು ನಾಲ್ಕು ದಿನವಾಯಿತು.

ನಾನು ಹುಡುಗಿಯಾಗಿದ್ದಾಗ ನಮ್ಮ ಮನೆ ತಾಂಡೂರಿನಲ್ಲಿತ್ತು. ಅಪ್ಪ ಬೇಳೆ ಮಿಲ್ಲಿನಲ್ಲಿ ಗುಮಾಸ್ತರು. ಅಂಗಿ ಝಾಡಿಸಿದರೆ ತೊಗರಿ ಹೊಟ್ಟಿನ ಧೂಳು ಹಾರುತ್ತಿತ್ತು. ಮನೆಯ ನೆಲ, ಅಂಗಳ, ಸ್ನಾನದ ಕಟ್ಟೆ ಎಲ್ಲ ನಮ್ಮೂರಿನ ನೀಲಿ ಪರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ನೀರು ಚೆಲ್ಲಿ ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತಿತ್ತು. ಮನೆಯ ಮಾತು ಕನ್ನಡ, ಓಣಿಯ ಮಾತು ತೆಲುಗು, ಬಜಾರಿನ ಮಾತು ಉರ್ದು. ಓದು ಬರಹ ಮಾತ್ರ ಒಬ್ಬೊಬ್ಬರದು ಒಂದೊಂದು. ಅಪ್ಪನದು ಉರ್ದು ಶಾಲೆ, ನನ್ನ ತಮ್ಮಂದಿರದು ತೆಲುಗು ಶಾಲೆ, ಅವ್ವ ಅಜ್ಜಿಯರು ಶಾಲೆಯ ಮುಖ ಕಂಡವರಲ್ಲ. ನಾನೊಬ್ಬಳೇ ನಾಲ್ಕನೇ ತರಗತಿಯವರೆಗೆ ಸೇಡಂನಲ್ಲಿ ಅವ್ವನ ತವರಿನಲ್ಲಿದ್ದು ಕನ್ನಡ ಕಲಿತು ಬಂದವಳು. ಹೀಗಾಗಿ ಕನ್ನಡದಲ್ಲೇ ಅತ್ತು ಕನ್ನಡದಲ್ಲೇ ಜಗಳಾಡುವ ಆ ಮನೆಯಲ್ಲಿ ಕನ್ನಡ ಪುಸ್ತಕ ಓದಬಲ್ಲವಳು ಹದಿಮೂರು ವರ್ಷದ ನಾನೊಬ್ಬಳೇ ಆಗಿದ್ದೆ. ಅದರ ಜಂಬ ನನಗೆ ಬಹಳ ಇತ್ತು.

ಅಪ್ಪ ಪ್ರತಿ ಬೇಸಿಗೆ ಮಿಲ್ಲಿನ ಕೆಲಸಕ್ಕೆ ಕಲಬುರಗಿಗೆ ಹೋದಾಗ ರೈಲು ನಿಲ್ದಾಣದ ಅಂಗಡಿಯಿಂದ ಎರಡು ಹೊಸ ಕಾದಂಬರಿ ತರುತ್ತಿದ್ದರು. ಒಂದು ನನಗೆ. ಇನ್ನೊಂದು ಶಾವಿಗೆಗೆ. ಹೌದು, ಶಾವಿಗೆಗೇ. ನಮ್ಮ ಓಣಿಯ ಹೆಂಗಸರು ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ಕೂಡಿ ವರ್ಷದ ಶಾವಿಗೆ ಹೊಸೆಯುತ್ತಿದ್ದರು. ಇಳಿಜಾರು ಮಣೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ಅಂಗೈಯಿಂದ ಹೊಸೆಯುವವರು ಒಬ್ಬರು, ಕೆಳಗಿಳಿದ ಎಳೆಯನ್ನು ಹರಿಯದಂತೆ ಎಳೆದು ಕೋಲಿನ ಮೇಲೆ ಹರವುವವರು ಇನ್ನೊಬ್ಬರು. ಕೈಗೆ ಕೆಲಸ, ಕಿವಿಗೆ ಬಿಡುವು. ಆ ಕಿವಿಗಳಿಗಾಗಿ ನಾನು ಕಂಬಕ್ಕೆ ಒರಗಿ ಕೂತು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಬೇಕು. ಓದುವವಳು ಹಿಟ್ಟು ಮುಟ್ಟುವ ಹಾಗಿಲ್ಲ, ಆದರೆ ಮೊದಲ ಶಾವಿಗೆ, ಹಾಲು ಬೆಲ್ಲ ಹಾಕಿದ್ದು, ಅವಳಿಗೇ. “ಎಲ್ಲಾರ ಕೈ ಕೆಸರು, ಈಕಿ ಬಾಯಿ ಮೊಸರು ನೋಡ್ರಿ” ಎಂದು ಅಜ್ಜಿ ನಗುತ್ತಿದ್ದಳು.

ಈ ಪದ್ಧತಿ ಹಾಕಿದವಳು ಅಪ್ಪನ ತಂಗಿ ನೀಲಮ್ಮ, ನಮ್ಮ ನೀಲತ್ತಿ. ಅವಳಿಗೆ ತೆಲುಗಿನಲ್ಲಿ ತನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. ಆದರೆ ಅವಳಂತೆ ಕಥೆ ಕೇಳುವವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ಇದ್ದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಓದು ಮುಗಿದ ಮೇಲೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಖೋಲಿಯ ಗೂಡಿನಲ್ಲಿ ಇಡುತ್ತಿದ್ದಳು. ನಾನು ಒಬ್ಬಳೇ ಮುಂದಿನದನ್ನು ಓದಿಕೊಳ್ಳುವಂತಿಲ್ಲ. “ಮುಂದಿಂದು ಓದ್ಕೊಂಡು ಕುಂತ್ರ ನಿನ್ನ ದನಿದಾಗ ಗೊತ್ತಾಗ್ತದವ್ವ. ನಾವು ಹೆಂಗ ಗೊತ್ತಿಲ್ದೇ ಕುಂತೀವಿ, ಓದಾಕಿನೂ ಹಂಗೇ ಕುಂದರ್ಬೇಕು” ಅನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ನನ್ನ ಜಡೆ ಹಾಕುತ್ತ ಪಕ್ಕದ ಮನೆಯವರನ್ನು ವಿಚಾರಿಸಿದ ಹಾಗೆ ಕಥೆಯವರ ಬಗ್ಗೆ ಕೇಳುವಳು. “ಆಕಿ ಉಂಡಳೋ ಇಲ್ಲೋ? ನಿನ್ನಿಯಿಂದ ಹಂಗೇ ಕುಂತಾಳ ನೋಡು.”

ನೀಲತ್ತಿಯನ್ನು ನಾರಾಯಣಖೇಡದ ಆಚೆ, ಮನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಅಂತ ಗಂಡ ಎರಡನೆಯವಳನ್ನು ತಂದ. ಇವಳು ಯಾರಿಗೂ ಒಂದು ಮಾತು ಅನ್ನದೆ ಟ್ರಂಕು ಎತ್ತಿಕೊಂಡು ತಾಂಡೂರಿಗೆ ಬಂದಳು. ನಾಲ್ಕು ವರ್ಷ ನಮ್ಮಲ್ಲೇ ಇದ್ದಳು, ಕಿಟಕಿಯಿದ್ದ ಸಣ್ಣ ಖೋಲಿಯಲ್ಲಿ. ನನಗೆ ಹದಿಮೂರಾದ ಆ ವರ್ಷ ಶಿವರಾತ್ರಿಯ ಹೊತ್ತಿಗೆ ಎರಡನೆಯವಳು ತೀರಿಕೊಂಡಳು. ಎರಡು ಸಣ್ಣ ಮಕ್ಕಳು ಉಳಿದವು. ಆಗ ಗಂಡನ ಮನೆಯವರಿಗೆ ನೀಲಮ್ಮನ ನೆನಪಾಯಿತು. ಕಳಿಸಿಕೊಡಿರಿ ಅಂತ ಹೇಳಿ ಕಳಿಸಿದರು. ಅಪ್ಪ ನಿನ್ನಿಷ್ಟ ಅಂದರು, ಅನ್ನುವಾಗ ಬೇರೆ ಕಡೆ ನೋಡಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಅಜ್ಜಿ ದಿನಕ್ಕೆರಡು ಸಲ ಅಂದಳು. ನೀಲತ್ತಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶಾವಿಗೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದಳು.

ಆ ಬೇಸಿಗೆಯ ಕಾದಂಬರಿಯ ಹೆಸರು ಹೇಳುವುದಿಲ್ಲ. ಅದರಲ್ಲಿಯೂ ಗಂಡನ ಮನೆ ಬಿಟ್ಟು ಬಂದ ಹೆಂಗಸು ಒಬ್ಬಳಿದ್ದಳು, ಹೊಲಿಗೆ ಹಾಕಿ ಬದುಕುವವಳು. ನಡುವಿನ ಅಧ್ಯಾಯದಲ್ಲಿ ಅವಳಿಗೆ ತಿರುಗಿ ಬಾ ಅಂತ ಪತ್ರ ಬಂತು. ಅಂದಿನಿಂದ ಪಡಸಾಲೆಯಲ್ಲಿ ಶಾವಿಗೆಯ ಕೋಲು ಇಡುವ ಸದ್ದು ಕೂಡ ಸಣ್ಣದಾಯಿತು. ನೀಲತ್ತಿ ಬೆಳಿಗ್ಗೆ ಒಂದೇ ಮಾತು ಕೇಳುತ್ತಿದ್ದಳು. “ಆಕಿ ಏನಂತ ಜವಾಬು ಕೊಡ್ತಾಳವ್ವ?” ನನಗೆ ಹೇಗೆ ಗೊತ್ತು ಅಂದರೆ, “ಹೌದಲ್ಲ, ನಿನಗೂ ಗೊತ್ತಿಲ್ಲ” ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಕೊನೆಯ ಅಧ್ಯಾಯದ ಹಿಂದಿನ ದಿನ ಅವ್ವ ನನ್ನನ್ನು ಒಳಗೆ ಕರೆದಳು. “ನಿಮ್ಮತ್ತಿ ಹೋದಳಂದ್ರ ಆ ಖೋಲಿ ನಿಂದೇ ನೋಡು. ಕಿಟಕಿ ಅದಾ, ದಿನಾ ಓದ್ಕೋತ ಕುಂದ್ರು” ಅಂದಳು. ಆಮೇಲೆ ನಗುತ್ತ, “ಕಥಿದಾಗಿನಾಕಿ ಗಂಡನ ಮನಿಗಿ ಹೋದ್ರ ಚಲೋ. ಇಲ್ಲಂದ್ರ ಈಕಿ ಇಲ್ಲೇ ಬೇರು ಬಿಡ್ತಾಳ” ಅಂದಳು. ಅವಳು ಸುಳ್ಳು ಓದು ಅನ್ನಲಿಲ್ಲ. ಅದನ್ನು ನಾನು ಅವಳ ತಲೆಗೆ ಕಟ್ಟಲಾರೆ. ಆದರೆ ಆ ಖೋಲಿ! ಬಾಗಿಲು ಹಾಕಿಕೊಂಡರೆ ತಮ್ಮಂದಿರು ಇಲ್ಲ, ನೀರು ತಾ ಅನ್ನುವವರಿಲ್ಲ. ಕಿಟಕಿಯ ಕಲ್ಲಿನ ಮೇಲೆ ಕೂತು ಹೊಸ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಗುಕ್ಕಿಗೆ ಓದಬಹುದು. ಓದುವ ಹುಚ್ಚಿರುವವರಿಗೆ ಆ ಆಸೆ ಎಂಥದ್ದು ಅಂತ ಗೊತ್ತು. ಮರುದಿನ ನೀಲತ್ತಿ ನೀರಿಗೆ ಹೋದಾಗ ಗೂಡಿನಿಂದ ಪುಸ್ತಕ ತೆಗೆದು ಕೊನೆಯ ಅಧ್ಯಾಯ ಓದಿದೆ. ಕಥೆಯ ಹೆಂಗಸು ಪತ್ರವನ್ನು ತಂದವನ ಕೈಗೇ ತಿರುಗಿ ಕೊಟ್ಟು, ಒಳಗೆ ಹೋಗಿ, ಅರ್ಧ ಹೊಲಿದ ಕುಪ್ಪಸ ಎತ್ತಿಕೊಂಡು ಹೊಲಿಯಲು ಕೂತಳು. ಅಷ್ಟೇ. ಅಲ್ಲಿಗೆ ಕಾದಂಬರಿ ಮುಗಿದಿತ್ತು.

ಮಧ್ಯಾಹ್ನ ಎಂಟು ಜನ ಹೆಂಗಸರ ನಡುವೆ ಪುಸ್ತಕ ತೆರೆದು, ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಅಲ್ಲಿ ಇಲ್ಲದ್ದನ್ನು ಓದಿದೆ. ಅವಳು ಬಸ್ಸು ಹತ್ತಿ ಗಂಡನ ಊರಿಗೆ ಹೋದಳು, ಮಕ್ಕಳು ಹೊಸ್ತಿಲಲ್ಲಿ ನಿಂತು ಅವ್ವಾ ಅಂದವು, ಅವಳ ಕಣ್ಣು ತುಂಬಿ ಬಂತು ಅಂತೆಲ್ಲ ಓದಿದೆ. ಹೆಂಗಸರು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಚಲೋ ಆತು ಬಿಡ್ರಿ ಅಂದರು. ನೀಲತ್ತಿ ಮಣೆಯ ಮೇಲೆ ಕೂತಿದ್ದವಳು ಕೈ ನಿಲ್ಲಿಸಿ, “ಇನ್ನೊಮ್ಮಿ ಓದು” ಅಂದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಪುಟದಲ್ಲಿ ಇಲ್ಲದ್ದನ್ನು ಎರಡನೇ ಸಲ ಹಾಗೇ ಓದುವುದು ಹೇಗೆ? ಏನೋ ಓದಿದೆ. “ಆತು ಬಿಡವ್ವ” ಅಂದಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅಂದು ಸಂಜೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಡಲಿಲ್ಲ.

ಎಂಟು ದಿನಕ್ಕೆ ನಾರಾಯಣಖೇಡದ ಕಡೆಯಿಂದ ಅವಳ ಮೈದುನ ಕರೆದೊಯ್ಯಲು ಬಂದ. ನೀಲತ್ತಿ ಅದೇ ಟ್ರಂಕು ಎತ್ತಿಕೊಂಡು ಹೊರಟಳು. ಹೋಗುವಾಗ ನನ್ನ ತಲೆ ಸವರಿ, ಖೋಲಿಯ ಬೀಗದ ಕೈಯನ್ನು ಅವ್ವನಿಗೆ ಕೊಡದೆ ನನ್ನ ಅಂಗೈಯಲ್ಲಿಟ್ಟಳು. ಅಂದೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನನ್ನ ಪಾಲಿನ ಕಾದಂಬರಿ ತೆರೆದೆ. ಓದಿದೆ ಕೂಡ, ಸಂಕೋಚವಿಲ್ಲದೆ, ರುಚಿಯಿಂದ. ಇದನ್ನು ಹೇಳಲು ಈಗ ನನಗೆ ಎಷ್ಟು ನಾಚಿಕೆಯಾಗುತ್ತದೆಂದು ಹೇಗೆ ಹೇಳಲಿ? ಮುಂದಿನ ಬೇಸಿಗೆ ಶಾವಿಗೆಗೆ ಪುಸ್ತಕ ಬರಲಿಲ್ಲ. ಕೇಳುವವಳಿಲ್ಲದೆ ಯಾರಿಗೂ ಬೇಕಾಗಲಿಲ್ಲ. ಅದರ ಮುಂದಿನ ವರ್ಷ ಓಣಿಗೆ ಶಾವಿಗೆ ಯಂತ್ರ ಬಂತು. ಅಜ್ಜಿ ಹೋದಳು, ಅಪ್ಪ ಹೋದರು, ಅವ್ವ ಹೋದಳು; ಮನೆ ಮಾರಿದೆವು. ಈಗ ಆ ಜಾಗದಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇದೆ. ನಮ್ಮ ಪಡಸಾಲೆಯ ಪರಸಿಯನ್ನು ಯಾರು ಒಯ್ದರೋ ಗೊತ್ತಿಲ್ಲ.

ನೀಲತ್ತಿಯ ಬಾಳು ಕೆಟ್ಟಿತು ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಆ ಮಕ್ಕಳನ್ನು ಸಾಕಿದಳು, ಮದುವೆ ಮಾಡಿದಳು; ಅವರೂ ಅವಳನ್ನು ಅವ್ವ ಅಂತಲೇ ನೋಡಿಕೊಂಡರು. ಗಂಡ ಮಾತ್ರ ಸಾಯುವವರೆಗೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲವಂತೆ. ನಾನು ಹೋದಾಗಲೆಲ್ಲ ರೊಟ್ಟಿ, ಪುಂಡಿಪಲ್ಯೆ ಮಾಡಿ ಬಡಿಸುತ್ತಿದ್ದಳು. ನನ್ನ ಚೀಲದಲ್ಲಿ ಪುಸ್ತಕ ಇಣುಕಿದರೂ ಒಮ್ಮೆಯೂ ಓದು ಅನ್ನಲಿಲ್ಲ.

ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಲು ಜಹೀರಾಬಾದಿಗೆ ಬಂದವಳು ನಮ್ಮ ಮನೆಯಲ್ಲಿ ಹತ್ತು ದಿನ ಇದ್ದಳು. ಬೇಸಿಗೆಯೇ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ. ನಲವತ್ತು ವರ್ಷ ಯಾರ ಕೈಗೂ ಕೊಡದೆ ಇಟ್ಟುಕೊಂಡಿದ್ದ ಆ ಪುಸ್ತಕ ತಂದು ಅವಳ ಹತ್ತಿರ ಕೂತೆ.

“ಅತ್ತಿ, ಇದರ ಕಡೀ ಪಾಠ ನಾ ಸುಳ್ಳ ಓದಿದ್ದೆ.”

“ಗೊತ್ತದವ್ವ” ಅಂದಳು, ಮುಖ ತಿರುಗಿಸದೆ. “ಮೊದಲನೇ ಸಲ ಮಕ್ಕಳು ಹೊಸ್ತಿಲದಾಗ ನಿಂತಿದ್ವು. ಎರಡನೇ ಸಲ ಬಾವಿ ಕಟ್ಟಿ ಮ್ಯಾಲ ಕುಂತಿದ್ವು.”

“ಗೊತ್ತಿದ್ದೂ ಯಾಕ ಹೋದಿ?”

“ಎಲ್ಲಾರೂ ಹೋಗು ಅಂದ್ರು. ಪುಸ್ತಕ ಬ್ಯಾರೆ ಹೇಳ್ತದ, ನೀ ಓದಿ ಹೇಳ್ತಿ ಅಂತ ಕುಂತಿದ್ದೆ. ನೀನೂ ಅವರ ಕಡಿಗೇ ಆದಿ. ಇನ್ನ ಆ ಮನಿದಾಗ ನನಗ ಯಾರಿದ್ರು?”

ಸಿಟ್ಟಿನಿಂದ ಅಂದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವಳು ಲೆಕ್ಕವಿಲ್ಲದಷ್ಟು ಸಲ ತನಗೆ ತಾನೇ ಹೇಳಿಕೊಂಡ ಮಾತಿನಂತೆ ಅಂದಳು. ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ನಾನು ಅತ್ತು ಮುಗಿಸಿದ ಮೇಲೆ, “ಈಗ ಓದು” ಅಂದಳು. ಓದಿದೆ. ಪತ್ರ ತಿರುಗಿ ಕೊಟ್ಟದ್ದು, ಒಳಗೆ ಹೋದದ್ದು, ಅರ್ಧ ಹೊಲಿದ ಕುಪ್ಪಸ. ಮುಗಿದಾಗ ಅವಳ ಎರಡೂ ಅಂಗೈಗಳು ತೊಡೆಯ ಮೇಲೆ ಹಿಟ್ಟು ಹೊಸೆಯುವ ಹಾಗೆ ಸಣ್ಣಗೆ ಆಡುತ್ತಿದ್ದವು. “ಇನ್ನೊಮ್ಮಿ ಓದು” ಅಂದಳು. ಓದಿದೆ. ಒಂದಕ್ಷರ ಹೆಚ್ಚು ಕಡಿಮೆಯಾಗಲಿಲ್ಲ.

“ಹಾಂ” ಅಂದಳು ನೀಲತ್ತಿ. “ಇದು ಪುಸ್ತಕದಾಗಿಂದು.”

ಹೋದ ವರ್ಷ ದೀಪಾವಳಿಯ ಮುಂಚೆ ಅವಳು ತೀರಿಕೊಂಡಳು. ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ಬರೆದ ಮೇಲೆ, ನಿನ್ನೆ ಮಧ್ಯಾಹ್ನ, ಏಳನೆಯ ಕಾದಂಬರಿ ಎತ್ತಿಕೊಂಡು ಅಡುಗೆಮನೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕೂತೆ. ಮನೆಯಲ್ಲಿ ಯಾರೂ ಇರಲಿಲ್ಲ. ಉಳಿದ ಮೂವತ್ತು ಪುಟಗಳನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳದಿದ್ದರೂ ಇನ್ನೊಮ್ಮೆ ಓದಿದೆ.