ದೊಡ್ಡಹನುಮಯ್ಯನವರ ಎರಡೆಕರೆ ಹುಲ್ಲು

ಬೆಳಗಿನ ಆರು ಗಂಟೆ. ಕೆಂಗೇರಿ ಉಪನಗರದ ಆಚೆಯ ದಿಣ್ಣೆಯ ಮೇಲೆ ಅರವತ್ತೇಳರ ದೊಡ್ಡಹನುಮಯ್ಯ ಮಂಡಿಯೂರಿ ಕುಳಿತಿದ್ದಾರೆ. ಇಬ್ಬನಿಯಲ್ಲಿ ನೆಂದ ಹುಲ್ಲಿನ ನಡುವೆ ತಲೆಯೆತ್ತಿದ ಅಕೇಶಿಯಾ ಸಸಿಯೊಂದನ್ನು ಗಿಡ್ಡ ಹಾರೆಯಿಂದ ಬೇರುಸಮೇತ ಎಬ್ಬಿಸಿ, ಮಣ್ಣು ಕೊಡವಿ, ಪಕ್ಕದ ಚೀಲಕ್ಕೆ ಹಾಕುತ್ತಾರೆ. ಬಿಸಿಲೇರುವುದರೊಳಗೆ ಇಂಥ ನೂರೈವತ್ತು ಸಸಿ ಕೀಳಬೇಕು. ಗಿಡ ಕೀಳುವುದೂ ಒಂದು ಕೆಲಸವೇ ಎಂದು ವಾಕಿಂಗ್ ಬಂದವರು ಗದರಿ ಹೋಗುವುದುಂಟು. ದೊಡ್ಡಹನುಮಯ್ಯ ಮುಂದಿನ ಸಸಿಗೆ ಹಾರೆ ಹಾಕುತ್ತಾರೆ.

ಇದು ಊರಿನ ಹಳೆಯ ಗೋಮಾಳ. ದಟ್ಟ ಕಾಡು ಇಲ್ಲಿ ಎಂದೂ ಇರಲಿಲ್ಲ. ಎದೆಯೆತ್ತರದ ಬಾದೆ ಹುಲ್ಲು, ಅಲ್ಲೊಂದು ಮುತ್ತುಗ, ಇಲ್ಲೊಂದು ಈಚಲು, ನಡುವೆ ಎಲಚಿ ಪೊದೆ, ಅಷ್ಟೇ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಮುತ್ತುಗ ಬುಡದಿಂದ ಚಿಗುರುತ್ತಿತ್ತು, ಮೊದಲ ಮಳೆಗೆ ಹುಲ್ಲು ಏಳುತ್ತಿತ್ತು. ಸರ್ಕಾರಿ ಕಡತದಲ್ಲಿ ಮಾತ್ರ ಪಾಳು ಜಮೀನು ಎಂದಿತ್ತು.

ಮೂವತ್ತು ವರ್ಷಗಳ ಹಿಂದೆ ಆ ಪಾಳನ್ನು ಹಸಿರು ಮಾಡಲು ಗುಂಡಿ ತೋಡುವವರು ಬೇಕಾದರು. ದೊಡ್ಡಹನುಮಯ್ಯ ಕೂಲಿಗೆ ಸೇರಿದರು. ದಿನಕ್ಕೆ ಮೂವತ್ತು ಗುಂಡಿಯಂತೆ ಎರಡು ಮಳೆಗಾಲ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟರು. ಅವರ ಅಕ್ಕ ಯಶೋದಮ್ಮನ ಗಂಡ ನಂಜುಂಡಪ್ಪ ಅದೇ ದಿಣ್ಣೆಯಲ್ಲಿ ಅರವತ್ತು ಕುರಿ ಮೇಯಿಸುತ್ತಿದ್ದರು. ಮೊದಲ ದಿನವೇ ಬಂದು ಗುಂಡಿಯ ಅಂಚಿನಲ್ಲಿ ಕೂತರಂತೆ.

"'ಇದು ಖಾಲಿ ಜಾಗ ಅಲ್ಲ ಕಣಯ್ಯ, ಬಿಟ್ಬಿಡು' ಅಂದ್ರು ನಮ್ ಭಾವ. ಹುಲ್ಲು ಎಲ್ಲಾದ್ರೂ ಬೆಳೀತದೆ, ಮರ ನೆಡೋದು ಪುಣ್ಯದ ಕೆಲ್ಸ ಅಂದ್ಬಿಟ್ಟೆ. ನಿಜವಾಗ್ಲೂ ಹಂಗೇ ನಂಬಿದ್ದೆ ಸಾರ್."

ಆರೇ ವರ್ಷದಲ್ಲಿ ಮರಗಳ ನೆರಳು ಕೂಡಿಕೊಂಡಿತು. ಉದುರಿದ ಎಲೆ ಬೇಗ ಕೊಳೆಯದೆ ನೆಲ ಮುಚ್ಚಿತು, ಅದರಡಿ ಹುಲ್ಲು ಸತ್ತಿತು. ನಂಜುಂಡಪ್ಪ ಕುರಿಗಳನ್ನು ಮಾರಿ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಕಾವಲಿಗೆ ಸೇರಿದರು. ಬೈಯಲಿಲ್ಲ, ಮಾತು ಬಿಟ್ಟರು. ಹಬ್ಬಕ್ಕೆ ಅಕ್ಕನ ಮನೆಗೆ ಹೋದರೆ ಭಾವ ಎದ್ದು ಹೊರಗೆ ನಡೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಅದಕ್ಕೂ ಮುನ್ನ, ತಪ್ಪಾಯಿತು ಅನ್ನಲು ಭಾವ ಮಲಗಿದ್ದ ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದ ದೊಡ್ಡಹನುಮಯ್ಯ ಧೈರ್ಯ ಸಾಲದೆ ಬಸ್ಸು ಹತ್ತಿ ವಾಪಸಾಗಿದ್ದರು.

ಮರುವರ್ಷ ಸಸ್ಯಶಾಸ್ತ್ರದ ಉಪನ್ಯಾಸಕಿ ಕವನಾ ದಿಣ್ಣೆಯ ಎರಡೆಕರೆಯಲ್ಲಿ ಹುಲ್ಲನ್ನು ಮರಳಿ ಬೆಳೆಸಲು ಅನುಮತಿ ಪಡೆದರು. ಅಷ್ಟು ಜಾಗದ ಅಕೇಶಿಯಾ ತೆಗೆದ ಮೇಲೆ ಹಳೆಯ ಹುಲ್ಲಿನ ಗುರುತಿದ್ದವರು ಬೇಕಿತ್ತು. ದೊಡ್ಡಹನುಮಯ್ಯ ಯಾರೂ ಕರೆಯದೆ ಹೋಗಿ ನಿಂತರು. ರೈಲು ಹಳಿಯ ಪಕ್ಕ ಉಳಿದಿದ್ದ ಬಾದೆಯ ಬುಡಗಳನ್ನು ಕಿತ್ತು ತಂದು ನೆಟ್ಟರು. ಮೊದಲ ಸಲ ಅರ್ಧಕ್ಕರ್ಧ ಒಣಗಿದವು. ನೋಯುವ ಮಂಡಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ನೆಟ್ಟರು. ಈಗ ಎರಡು ಸಾವಿರ ಬುಡ ಬೇರು ಹಿಡಿದಿವೆ. ನೆಲದಲ್ಲುಳಿದ ಬೀಜದಿಂದ ಅಕೇಶಿಯಾ ಮಾತ್ರ ಇಂದಿಗೂ ಮೊಳೆಯುತ್ತಲೇ ಇದೆ, ಕೀಳುತ್ತಲೇ ಇರಬೇಕು. ಹಳೆಯ ಕೆಲವು ಜಾತಿಗಳು ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿಲ್ಲ. "ಕುರಿ ಇಷ್ಟಪಟ್ಟು ತಿನ್ನೋ ಹುಲ್ಲೊಂದಿತ್ತು. ಭಾವ ಇದ್ದಿದ್ರೆ ಅದರ ಹೆಸ್ರಾದ್ರೂ ಹೇಳೋರು."

ಕಳೆದ ಜೂನ್‌ನಲ್ಲಿ ಹತ್ತಿರದ ಬಡಾವಣೆಯ ಹತ್ತು ಮಂದಿ ಬ್ಯಾನರ್ ಹಿಡಿದು, ಇನ್ನೂರು ಸಸಿ ತಂದು, ನೆಡುತ್ತೇವೆ ಬಾಗಿಲು ತೆಗೆಯಿರಿ ಎಂದರು. ಕವನಾ ಊರಲ್ಲಿರಲಿಲ್ಲ. ದೊಡ್ಡಹನುಮಯ್ಯ ಬೇಲಿಯ ಬಾಗಿಲಿಗೆ ಅಡ್ಡ ನಿಂತರು. ಪರಿಸರ ದಿನದಂದೇ ಹೀಗೆ ತಡೆಯುತ್ತಾನಲ್ಲ ಎಂದು ಒಬ್ಬರು ಅವರ ವಿಡಿಯೊ ಮಾಡಿಕೊಂಡರು. ದೊಡ್ಡಹನುಮಯ್ಯ ಕದಲಲಿಲ್ಲ.

"'ಇಲ್ಲಿ ಆಗ್ಲೇ ಹುಲ್ಲು ನೆಟ್ಟಾಗದೆ ಸಾರ್, ಬಗ್ಗಿ ನೋಡಿ' ಅಂದೆ. ಒಬ್ಬ ಹೆಣ್ಮಗಳು ಬಗ್ಗಿ ನೋಡಿದ್ಲು. ಆಮೇಲೆ ಎಲ್ರೂ ಹೊರಟೋದ್ರು," ಎನ್ನುತ್ತಾರೆ. ಕೈಗೆ ಅಂಟಿದ ಮಣ್ಣು ಒರೆಸಿಕೊಂಡು ಮತ್ತೆ ಹಾರೆ ಹಿಡಿಯುತ್ತಾರೆ.

"ಹಿಂಗೆ ಅಡ್ಡ ನಿಲ್ಲೋಕೆ ಬರ್ತಿತ್ತು ಅಂದ್ಮೇಲೆ, ಅವತ್ತೇ ಭಾವನ ಪಕ್ಕ ನಿಲ್ಬೇಕಿತ್ತು ಸಾರ್."