ಬಿರುಕಿನ ಮೇಲಿನ ಗಾಜು

ಭೂಕಂಪಕ್ಕೆ ತಾಷ್ಕೆಂಟ್ ನಡುಗಿದ ಆ ವಸಂತದಲ್ಲಿ ಹೊಸಿಯತ್‌ಳ ಮನೆ ಬೀಳಲಿಲ್ಲ. ಬಿದ್ದಿದ್ದರೆ ಪಕ್ಕದ ಮನೆಯವರ ಹಾಗೆ ಗಂಟುಮೂಟೆ ಕಟ್ಟಿ, ಊರಂಚಿನ ಚಿಲೊನ್‌ಜೋರಿನಲ್ಲಿ ಸರ್ಕಾರ ಎಬ್ಬಿಸುತ್ತಿದ್ದ ಹೊಸ ಫ್ಲ್ಯಾಟಿಗೆ ಹೆಸರು ಬರೆಸಿ ನೆಮ್ಮದಿಯಾಗಿರುತ್ತಿದ್ದಳು. ಮನೆ ಬೀಳಲೂ ಇಲ್ಲ, ನೆಟ್ಟಗೆ ನಿಲ್ಲಲೂ ಇಲ್ಲ. ನಡುಮನೆಯ ಮಣ್ಣುಗೋಡೆ ತೊಲೆಯಿಂದ ನೆಲದವರೆಗೆ ಬಾಯಿ ಬಿಟ್ಟುಕೊಂಡು ಕೂತಿತು.

ನೋಡಲು ಬಂದ ಎಂಜಿನಿಯರ್ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಅಂಟಿಸಿದ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ, ಒಡೆದರೆ ಮನೆ ಕೆಡವಿ ಫ್ಲ್ಯಾಟು ಕೊಡುತ್ತೇವೆ, ಇಲ್ಲವಾದರೆ ಬಿರುಕು ಮೆತ್ತಿಕೊಂಡು ಇಲ್ಲೇ ಇರಿ, ಎಂದು ಹೇಳಿ ಹೋದ.

ಅಂದಿನಿಂದ ಆ ಮನೆಯ ಯಜಮಾನಿಕೆ ಗಾಜಿನದಾಯಿತು. ಹೊಸಿಯತ್ ಓಯಿ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ಅತ್ತೆ ಶರೋಫತ್ ಅದರ ದಿವಾನಳಾದಳು. ತನ್ನ ಗಂಡ ಕೈಯಾರೆ ಕಟ್ಟಿದ ಮನೆಯಿಂದ ತನ್ನನ್ನು ಹೊತ್ತುಕೊಂಡೇ ಹೋಗಬೇಕು ಎಂದು ಇಡೀ ಕೇರಿಗೆ ಸಾರಿದ್ದವಳು ಅವಳು. ಒರಳಿನಲ್ಲಿ ಕುಟ್ಟುವುದು ಹಿತ್ತಲಿಗೆ ಹೋಯಿತು. ಬಾಗಿಲನ್ನು ಮಲಗಿದ ಕೂಸನ್ನು ಸರಿಸುವಂತೆ ಸರಿಸಬೇಕಾಯಿತು. ಟ್ರಾಮ್ ಓಡಿಸುವ ಅವಳ ಮಗ, ಹೊಸಿಯತ್‌ಳ ಗಂಡ ಮಿರ್ವಾಲಿ ತನ್ನ ಬೂಟುಗಳನ್ನು ಬೀದಿಬಾಗಿಲಲ್ಲೇ ಬಿಚ್ಚಬೇಕು, ಸೀನು ಬಂದರೆ ಅಂಗಳಕ್ಕೆ ಓಡಬೇಕು.

ಕೇರಿಗೆ ಕೇರಿಯೇ ಅಂಗಳದ ಹಿಪ್ಪುನೇರಳೆ ಮರಗಳಡಿ ಸೈನ್ಯದವರು ಕೊಟ್ಟ ಡೇರೆಗಳಲ್ಲಿ ಮಲಗುತ್ತಿತ್ತು. ಶರೋಫತ್ ಮಾತ್ರ ಗೋಡೆಯ ಬುಡದಲ್ಲೇ ಹಾಸಿಗೆ ಹಾಸಿದಳು. ವಯಸ್ಸಾದ ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಸೊಸೆ ಹೊರಗೆ ಮಲಗಿದರೆ ಕೇರಿ ಏನೆಂದೀತು? ಹಾಗಾಗಿ ಹೊಸಿಯತ್ ಒಳಗೆ. ಅವಳ ಸೆರಗು ಹಿಡಿಯದೆ ನಿದ್ದೆ ಬಾರದ ಪುಟ್ಟ ಮಗಳು ನಫೋಸತ್ ಕೂಡ ಒಳಗೆ. ಮಿರ್ವಾಲಿ ವಿವೇಕಿ, ಟ್ರಾಮಿಗಾದರೂ ಒಬ್ಬ ಉಳಿಯಬೇಕಲ್ಲ ಎಂದು ಡೇರೆ ಹಿಡಿದ.

ಭೂಮಿ ಆಗಾಗ ಮೈ ಮುರಿಯುತ್ತಲೇ ಇತ್ತು. ಪ್ರತಿ ಸಲವೂ ಸೂರಿನಿಂದ ಮಣ್ಣು ಉದುರುತ್ತಿತ್ತು, ಹೊಸಿಯತ್ ಮಗುವಿನ ಮೇಲೆ ಬೋರಲು ಬೀಳುತ್ತಿದ್ದಳು. ಬೆಳಗಾದರೆ ಅತ್ತೆ ಸೊಸೆ ಇಬ್ಬರೂ ಮೊದಲು ನೋಡುತ್ತಿದ್ದುದು ಗಾಜನ್ನೇ, ಇಬ್ಬರೂ ಬೇಡಿಕೊಳ್ಳುತ್ತಿದ್ದುದು ದೇವರನ್ನೇ. ಬೇಡಿಕೆ ಮಾತ್ರ ಬೇರೆ ಬೇರೆ.

ಒಂದು ದಿನ ನೆರೆಮನೆಯ ಅಂಜಿರತ್ ಬಂದವಳು, ಇಷ್ಟೆಲ್ಲ ನಡುಗಿದರೂ ನಿಮ್ಮ ಗಾಜು ಒಂದು ಗೀರೂ ಇಲ್ಲದೆ ಹೇಗೆ ಕಣ್ಣಿನ ಹಾಗಿದೆ ಎಂದುಬಿಟ್ಟಳು. ಶರೋಫತ್‌ಗೆ ಅಷ್ಟು ಸಾಕಾಯಿತು. ಗಾಜಿಗೆ ದೃಷ್ಟಿಯಾಗಿದೆ ಎಂದು ದಿನಾ ಸಂಜೆ ಇಸಿರಿಕ್ ಸೊಪ್ಪಿನ ಹೊಗೆ ಹಾಕಿಸತೊಡಗಿದಳು. ಕೆಂಡದ ಬಾಣಲೆ ಹಿಡಿಯುವ ಕೆಲಸ ಹೊಸಿಯತ್‌ಳದು, ಕಣ್ಣು ಮುಚ್ಚಿ ಮಂತ್ರಿಸುವುದು ಅತ್ತೆಯದು.

ಮಳೆ ಬಂದು ಗೋಡೆ ತಣ್ಣಗಾಗಿದ್ದ ಒಂದು ಸಂಜೆ ಅತ್ತೆ ಎಂದಿನಂತೆ, "ಹತ್ರ ಹಿಡಿಯೇ, ನಿನ್ ಕೈ ಏನು ಬಾಡಿಗೆದಾ?" ಎಂದಳು. ತಣ್ಣನೆಯ ದೀಪದ ಗಾಜಿಗೆ ಬಿಸಿನೀರು ಹುಯ್ದು ಒಡೆದು ಬೈಸಿಕೊಂಡಿದ್ದ ಹೊಸಿಯತ್‌ಗೆ ಗಾಜಿನ ಗುಣ ತಿಳಿಯದ್ದೇನಲ್ಲ. ಅವಳು ಹತ್ತಿರ ಹಿಡಿದಳು. ಅತ್ತೆ ಹೇಳಿದಷ್ಟೇ ಹಿಡಿದಳೋ, ಒಂದು ಗೇಣು ಹೆಚ್ಚೋ? ತಕ್ಕಡಿಗೆ ಬೆರಳು ತಾಗಿಸುವ ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಅವಳಿಗೂ ಗೊತ್ತಿತ್ತು.

ಟಿಕ್ ಎಂದಿತು. ಅತ್ತೆ ಕಣ್ಣು ಬಿಟ್ಟರೆ ಗಾಜು ಎರಡಾಗಿತ್ತು.

"ಗೋಡೆ ಅಲ್ಲಾಡ್ತೇನೇ? ನಂಗೆ ಗೊತ್ತೇ ಆಗ್ಲಿಲ್ಲ."

"ಅಲ್ಲಾಡ್ತು ಓಯಿ."

ಶಾಪ ಬರುತ್ತದೆಂದು ಹೊಸಿಯತ್ ತಲೆ ತಗ್ಗಿಸಿದಳು. ಮುದುಕಿ ಶಪಿಸಲಿಲ್ಲ. ಮೊಮ್ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಓಡಿದಳು, ಅಲ್ಲಿಂದ ಸೊಸೆಯನ್ನು ಬೈದಳು: "ಇನ್ನೂ ಅಲ್ಲೇ ನಿಂತಿದೀಯಲ್ಲೇ ದಡ್ಡಿ, ಬಾ ಈಚೆ. ಗಾಜು ಗಟ್ಟಿಯಿದೆ ಅಂತ ತಾನೆ ನಿಮ್ಮನ್ನ ಒಳಗೆ ಮಲಗಿಸ್ಕೊಂಡಿದ್ದು."

ಹೊಸಿಯತ್ ಕೆಂಡದ ಬಾಣಲೆ ಹಿಡಿದುಕೊಂಡೇ ಈಚೆ ಬಂದಳು. ಅಂದು ಮುದುಕಿ ಡೇರೆಯಲ್ಲಿ ಮಲಗಿದಳು; ಮಿರ್ವಾಲಿಯ ವಿವೇಕವನ್ನು ಹೊರಗಿನ ಜಗಲಿಗೆ ದಾಟಿಸಲಾಯಿತು.

ಎಂಜಿನಿಯರ್ ಬಂದು ಗಾಜನ್ನು ಬೆರಳಿನಿಂದ ಒರೆಸಿದ. ಬೆರಳು ಕಪ್ಪಾಯಿತು. ಅದನ್ನು ಮೂಸಿ ನೋಡಿ, ಬೇಕಾದರೆ ಇನ್ನೊಂದು ಅಂಟಿಸಿ ನೋಡೋಣ ಎಂದು ಹೊಸಿಯತ್‌ಳ ಕಡೆ ತಿರುಗಿದ. ಅವಳು ಸೊಸೆಯರು ನೋಡಬೇಕಾದ ಹಾಗೆ ನೆಲ ನೋಡುತ್ತಿದ್ದಳು.

"ಇನ್ನೊಂದು ಯಾಕಪ್ಪಾ?" ಎಂದವಳು ಶರೋಫತ್. "ಗೋಡೆ ಅಲ್ಲಾಡ್ತಂತೆ. ನನ್ ಸೊಸೆಗೆ ನೂರು ದೋಷ ಇರಬಹುದು, ಸುಳ್ಳು ಹೇಳೋಳಲ್ಲ."

ಹೊಸಿಯತ್ ನೆಲವನ್ನೇ ನೋಡಿದಳು. ಬೀದಿಬಾಗಿಲ ಮೇಲೆ ಕೆಡವುವ ಗುರುತು ಬಿತ್ತು.

ಕೆಡವುವ ದಿನ ಅತ್ತೆ ಸೊಸೆ ಬೀದಿಯಲ್ಲಿ ಹಾಸಿಗೆಗಂಟುಗಳ ಮೇಲೆ ಕೂತಿದ್ದರು. ಗೋಡೆಗೆ ಉಕ್ಕಿನ ಹಗ್ಗ ಬಿಗಿದು ಟ್ರಾಕ್ಟರ್ ಎಳೆಯಿತು. ಗೋಡೆ ಬರಲಿಲ್ಲ. ಮತ್ತೆ ಎಳೆಯಿತು, ಹಗ್ಗವೇ ಕಿತ್ತುಬಂತು. ಡ್ರೈವರು ಬೆವರು ಒರೆಸಿಕೊಳ್ಳುತ್ತ, ಇದನ್ನು ಕಟ್ಟಿದವನು ಯಾವ ಮಹಾರಾಯ ಎಂದು ಗೊಣಗಿದ.

ಶರೋಫತ್ ಗೋಡೆಯ ಕಡೆಯಿಂದ ಸೊಸೆಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಗೋಡೆ ಅಲ್ಲಾಡಿತ್ತೇನೇ ಮಗಳೇ?"

"ಮಗು ಮೇಲೆ ಮಣ್ಣು ಉದುರ್ತಿತ್ತು ಓಯಿ."

"ಅದನ್ನ ಹೇಳಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ?"

ಮುದುಕಿ ತನ್ನ ಹಾಸಿಗೆಗಂಟು ಎತ್ತಿಕೊಂಡು ಎದ್ದಳು. ಅವರಿಗೆ ಹೊಸ ಫ್ಲ್ಯಾಟು ಸಿಕ್ಕಿತು. ಅಲ್ಲಿಯೂ ಭೂಮಿ ಕದಲಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಫೋಸತ್‌ಳನ್ನು ಬಾಚಿಕೊಂಡು ಮೆಟ್ಟಿಲಿಳಿಯುತ್ತಿದ್ದವಳು ಅವಳೇ. ಹೋಗುತ್ತ ಮಗನನ್ನು ಕೂಗಿ ಎಬ್ಬಿಸುತ್ತಿದ್ದಳು, ಎದುರು ಮನೆಯ ಬಾಗಿಲು ಬಡಿಯುತ್ತಿದ್ದಳು. ಸೊಸೆಯನ್ನು ಮಾತ್ರ ಕರೆಯುತ್ತಿರಲಿಲ್ಲ.